ಘಟಿಕೋತ್ಸವದ ಕರೆಯೋಲೆ: ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಲ್ಲಿ ಪದವಿ ಪ್ರಕಟಣೆಯ ಪದ್ಧತಿ

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಶಾಸನಗಳು, ಕೋಟೆಗಳು, ದೇವಾಲಯಗಳು ಮತ್ತು ಸ್ಥಳೀಯ ಅರಸು ಮನೆತನಗಳ ಬಗೆಗೆ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಈ ಪ್ರದೇಶದ ಆಧುನಿಕ ವಿದ್ಯಾಭ್ಯಾಸದ ಚರಿತ್ರೆಯಾದರೋ ಬಹುಮಟ್ಟಿಗೆ ಶಾಲೆಗಳ ಸಂಖ್ಯೆ, ಸಾಕ್ಷರತೆಯ ಪ್ರಮಾಣ, ಸರ್ಕಾರಿ ಆದೇಶಗಳು ಇವುಗಳಿಗೆ ಸೀಮಿತಗೊಂಡಿದೆ. ಒಂದು ಮನೆತನದಲ್ಲಿ ಮೊದಲ ಬಾರಿಗೆ ಒಬ್ಬರು ಪದವಿ ಪಡೆದಾಗ ಆ ಸಂಗತಿಯನ್ನು ಊರಿಗೆ, ನಂಟರಿಗೆ, ಹೊರಗಿನ ಲೋಕಕ್ಕೆ ಯಾವ ಮಾತುಗಳಲ್ಲಿ, ಯಾರ ಹೆಸರಿನಲ್ಲಿ, ಯಾವ ಕಾಗದದ ಮೇಲೆ ತಿಳಿಸಲಾಯಿತು ಎಂಬ ಪ್ರಶ್ನೆಯನ್ನು ಇತಿಹಾಸಕಾರರು ಅಷ್ಟಾಗಿ ಕೇಳಿಕೊಂಡಿಲ್ಲ. ಪ್ರಸ್ತುತ ಪ್ರಬಂಧದಲ್ಲಿ ಈ ಪ್ರಶ್ನೆಯನ್ನು ಮೇಲಿನ ನಾಲ್ಕು ತಾಲ್ಲೂಕುಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ವಿವೇಚಿಸಲು ಪ್ರಯತ್ನಿಸಲಾಗಿದೆ.

ಪದವಿ ಪ್ರದಾನಕ್ಕೆ ಕನ್ನಡದಲ್ಲಿ ರೂಢವಾಗಿರುವ 'ಘಟಿಕೋತ್ಸವ' ಎಂಬ ಪದವೇ ಚರಿತ್ರೆಯನ್ನು ಒಡಲಲ್ಲಿ ಇಟ್ಟುಕೊಂಡಿದೆ. ಕ್ರಿ.ಶ. 5ನೆಯ ಶತಮಾನದ ತಾಳಗುಂದ ಸ್ತಂಭಶಾಸನವು ಮಯೂರಶರ್ಮನು ತನ್ನ ತಾತ ವೀರಶರ್ಮನೊಡನೆ ಕಂಚಿಯ ಘಟಿಕೆಯನ್ನು ಪ್ರವೇಶಿಸಿದುದನ್ನು ಹೇಳುತ್ತದೆ. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನಕ್ಕೆ ಸಂಬಂಧಿಸಿದ 1058ರ ಶಾಸನದಲ್ಲಿ ಅಧ್ಯಾಪಕರು, ವಿದ್ಯಾರ್ಥಿಗಳು ಮಾತ್ರವಲ್ಲದೆ ಗ್ರಂಥಪಾಲಕರಾದ ಸರಸ್ವತೀ ಭಂಡಾರಿಗರಿಗೂ ವ್ಯವಸ್ಥೆ ಮಾಡಿದ ವಿವರವಿದೆ. ಆದರೆ ಈ ಶಾಸನಗಳಲ್ಲಿ ವಿದ್ಯಾಸಂಸ್ಥೆಯ ಹೆಸರಿದೆ, ದಾನದ ವಿವರವಿದೆ. ವಿದ್ಯೆ ಮುಗಿಸಿದವನನ್ನು ಸಭೆಯಲ್ಲಿ ನಿಲ್ಲಿಸಿ ಪ್ರಕಟಿಸುವ ಉತ್ಸವವಿಲ್ಲ. ಪ್ರಾಚೀನ ಘಟಿಕೆಗೆ 'ಉತ್ಸವ'ವನ್ನು ಜೋಡಿಸಿದ್ದು ಆಧುನಿಕ ವಿಶ್ವವಿದ್ಯಾನಿಲಯದ ಅಗತ್ಯ. 'ಸ್ನಾತಕ', 'ಸ್ನಾತಕೋತ್ತರ' ಎಂಬ ಪದಗಳ ಸ್ಥಿತಿ ಇದಕ್ಕಿಂತ ಭಿನ್ನ. ಅವುಗಳ ಹಿಂದೆ ಒಂದು ನಿಜವಾದ ಆಚರಣೆಯಿದೆ. ಗುರುಕುಲವಾಸ ಮುಗಿಸಿದ ಬ್ರಹ್ಮಚಾರಿಯು ಸ್ನಾನ ಮಾಡಿ ಮನೆಗೆ ಹಿಂತಿರುಗುವ ಸಂಸ್ಕಾರವೇ ಸಮಾವರ್ತನ. ಸ್ನಾನ ಮಾಡಿದವನೇ ಸ್ನಾತಕ. ಸಮಾವರ್ತನವಾದ ಮೇಲೆ ವಿವಾಹ. ಇಂದಿಗೂ ವೈದಿಕ ಸಂಪ್ರದಾಯದ ಮನೆಗಳಲ್ಲಿ ಸಮಾವರ್ತನವನ್ನು ಮದುವೆಗೆ ಹೊಂದಿಸಿಯೇ ಮಾಡುವುದುಂಟು. ಕಾಶಿಯಾತ್ರೆಯ ಶಾಸ್ತ್ರವು ಇದರ ಮುಂದುವರಿಕೆ. ವಿದ್ಯೆಯ ಮುಕ್ತಾಯವನ್ನೂ ಮದುವೆಯನ್ನೂ ಒಂದೇ ಸಂದರ್ಭದಲ್ಲಿ ಸಾರುವ ಈ ಪದ್ಧತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ವಿಷಯಕ್ಕೆ ಅದು ಮುಂದೆ ಬೇಕಾಗುತ್ತದೆ.

ಮೈಸೂರು ವಿಶ್ವವಿದ್ಯಾನಿಲಯವು 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಅಸ್ತಿತ್ವಕ್ಕೆ ಬಂದಿತು. ಅದಕ್ಕೆ ಮೊದಲು ಸಂಸ್ಥಾನದ ಕಾಲೇಜುಗಳು ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಮೊದಲ ಘಟಿಕೋತ್ಸವ ನಡೆದದ್ದು 1918ರ ಅಕ್ಟೋಬರ್ 19ರಂದು. ಕಲ್ಕತ್ತೆಯ ಸರ್ ಆಶುತೋಷ್ ಮುಖರ್ಜಿಯವರು ಭಾಷಣ ಮಾಡಿದರು. ಮಹಾರಾಜರು ಕುಲಾಧಿಪತಿಗಳು, ಎಚ್.ವಿ. ನಂಜುಂಡಯ್ಯನವರು ಕುಲಪತಿಗಳು. ಆರಂಭದ ಘಟಿಕೋತ್ಸವಗಳಿಗೆ ಜಗನ್ಮೋಹನ ಅರಮನೆಯ ಸಭಾಂಗಣವು ವೇದಿಕೆಯಾಗಿತ್ತು. ಸಮಾರಂಭದ ಭಾಷೆ ಇಂಗ್ಲಿಷು, ಮರ್ಯಾದೆಯ ಕ್ರಮ ಅರಮನೆಯ ದರ್ಬಾರಿಗೆ ಹತ್ತಿರವಾದದ್ದು.

ಘಟಿಕೋತ್ಸವದ ಆಹ್ವಾನಪತ್ರಿಕೆಯ ರಚನೆಯನ್ನು ಇಲ್ಲಿ ಗಮನಿಸಬೇಕು. ಕರೆಯುವವನು ಯಾರು ಎಂಬುದೇ ಯಾವುದೇ ಆಹ್ವಾನದ ತಿರುಳು. ಘಟಿಕೋತ್ಸವದಲ್ಲಿ ಕರೆಯುವುದು ವಿಶ್ವವಿದ್ಯಾನಿಲಯ. ಕನ್ನಡದಲ್ಲಿ ನೆಲೆಗೊಂಡಿರುವ ಮಾದರಿಯಂತೆ ಕುಲಪತಿಗಳು, ಸಿಂಡಿಕೇಟಿನ ಹಾಗೂ ಶಿಕ್ಷಣ ಮಂಡಳಿಯ ಸದಸ್ಯರು 'ತಮ್ಮನ್ನು ಆದರಪೂರ್ವಕವಾಗಿ ಆಹ್ವಾನಿಸುತ್ತಾರೆ'. ಅನಂತರ ಕುಲಾಧಿಪತಿಗಳ ಅಧ್ಯಕ್ಷತೆ, ಸಮಕುಲಾಧಿಪತಿಗಳ ಉಪಸ್ಥಿತಿ, ಘಟಿಕೋತ್ಸವ ಭಾಷಣಕಾರರ ಹೆಸರು. ಕೊನೆಗೆ ಕುಲಸಚಿವರ ಅಂಕಿತ. ಅತಿಥಿಗಳು ಇಷ್ಟು ನಿಮಿಷ ಮುಂಚಿತವಾಗಿ ಆಸೀನರಾಗಬೇಕೆಂಬ ಸೂಚನೆ ಕೆಳಗೆ ಸಣ್ಣ ಅಕ್ಷರದಲ್ಲಿ. ಯಾರ ಸಲುವಾಗಿ ಈ ಉತ್ಸವವೋ ಆ ಪದವೀಧರನ ಹೆಸರಾಗಲಿ ಅವನ ತಂದೆತಾಯಿಗಳ ಹೆಸರಾಗಲಿ ಈ ಪತ್ರಿಕೆಯಲ್ಲಿ ಇರುವುದಿಲ್ಲ. ಅವನಿಗೆ ಸಲ್ಲುವುದು ಆಹ್ವಾನವಲ್ಲ, ನಿಲುವಂಗಿ ಧರಿಸಿ ಇಂಥ ಸಮಯಕ್ಕೆ ಹಾಜರಾಗಬೇಕೆಂಬ ಸೂಚನೆ. ಅವನೊಡನೆ ಬರಬಹುದಾದ ಬಂಧುಗಳ ಸಂಖ್ಯೆಗೂ ಮಿತಿಯಿರುವುದು ಸಾಮಾನ್ಯ. ಗದ್ದೆಯ ಕೆಲಸ ಬಿಟ್ಟು, ಬಸ್ಸಿನ ಖರ್ಚು ಹೊಂದಿಸಿ ಹೆಗ್ಗಡದೇವನಕೋಟೆಯ ಕಡೆಯಿಂದ ಮೈಸೂರಿಗೆ ಬರಬೇಕಾದ ಕುಟುಂಬಗಳಿಗೆ ಈ ಉತ್ಸವ ಎಟುಕುವಂಥದ್ದಾಗಿರಲಿಲ್ಲ. ಗೈರುಹಾಜರಿಯಲ್ಲಿ ಪದವಿ ಸ್ವೀಕರಿಸಿ, ಪ್ರಮಾಣಪತ್ರವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ತರಿಸಿಕೊಂಡವರು ಹಳ್ಳಿಗಳಲ್ಲಿ ಬಹುಮಂದಿ. ಹೀಗಾಗಿ ಪದವಿಯ ನಿಜವಾದ ಪ್ರಕಟಣೆ ಬೇರೊಂದು ಕಡೆ ನಡೆಯಬೇಕಾಯಿತು.

ಅದು ನಡೆದದ್ದು ಲಗ್ನಪತ್ರಿಕೆಯಲ್ಲಿ. ಅಮೆರಿಕದಲ್ಲಿ ಪದವಿ ಪಡೆದವರ ಕುಟುಂಬವು ಬಂಧುಮಿತ್ರರಿಗೆ ಪ್ರತ್ಯೇಕ ಪ್ರಕಟಣೆಯ ಕಾರ್ಡುಗಳನ್ನು ಕಳುಹಿಸುವ ಪದ್ಧತಿಯಿದೆ; ಅಲ್ಲಿ ಪ್ರಕಟಣೆ ಬೇರೆ, ಆಹ್ವಾನ ಬೇರೆ; ಪ್ರಕಟಣೆ ಬಂದವರು ಸಮಾರಂಭಕ್ಕೆ ಹೋಗಬೇಕಾಗಿಲ್ಲ. ನಮ್ಮಲ್ಲಿ ಇಂಥ ಪದ್ಧತಿ ಇಲ್ಲವೆಂದು ಮೇಲ್ನೋಟಕ್ಕೆ ಹೇಳಬಹುದು. ಆದರೆ ಮದುವೆಯ ಕರೆಯೋಲೆಯನ್ನು ಸಮೀಪದಿಂದ ನೋಡಿದಾಗ ಆ ಹೇಳಿಕೆ ನಿಲ್ಲುವುದಿಲ್ಲ. ವರನ ಹೆಸರಿಗೆ 'ಚಿ||ರಾ||', ವಧುವಿನ ಹೆಸರಿಗೆ 'ಚಿ||ಸೌ||' ಎಂಬ ಪೂರ್ವಪದಗಳು. ಹೆಸರಿನ ಮುಂದೆ ಅಥವಾ ಅದರ ಕೆಳಗೆ ಬಿ.ಎ., ಬಿ.ಎಸ್‌ಸಿ., ಬಿ.ಎಲ್. ಎಂಬ ಪದವಿಯ ಸಂಕ್ಷಿಪ್ತ ರೂಪ. ಪತ್ರಿಕೆಯ ಮಿಕ್ಕೆಲ್ಲ ಭಾಗ ಅಚ್ಚ ಕನ್ನಡದಲ್ಲಿದ್ದರೂ ಪದವಿಯನ್ನು ಮಾತ್ರ ರೋಮನ್ ಲಿಪಿಯಲ್ಲಿ ಮುದ್ರಿಸುವ ರೂಢಿ ವ್ಯಾಪಕ. ಪದವಿಯ ಕೊನೆಗೆ ಒಂದು ಅಲ್ಪವಿರಾಮವನ್ನು ಇಡುವ ವಾಡಿಕೆಯೂ ದಕ್ಷಿಣ ಭಾರತದ ಮುದ್ರಣಾಲಯಗಳಲ್ಲಿ ಬೇರೂರಿದೆ. ಮುಂದೆ ಏನೂ ಇಲ್ಲದಿದ್ದರೂ ಆ ಅಲ್ಪವಿರಾಮ ಇರುತ್ತದೆ. ಇನ್ನೊಂದು ಪದವಿ ಬರಲಿಕ್ಕಿದೆ ಎಂಬ ಧ್ವನಿ ಅದರಲ್ಲಿ ಇದೆಯೆಂದು ಭಾವಿಸಿದರೆ ತಪ್ಪೇನೂ ಆಗಲಾರದು. ಪದವಿ ಪರೀಕ್ಷೆಗೆ ಕುಳಿತು ತೇರ್ಗಡೆಯಾಗದವರು ಸಹ ಆವರಣದಲ್ಲಿ 'ಫೇಲ್' ಎಂದು ಸೇರಿಸಿ ಪದವಿಯ ಹೆಸರನ್ನು ಹೇಳಿಕೊಳ್ಳುತ್ತಿದ್ದುದನ್ನು ಇಂದು ನಗೆಯ ವಿಷಯವಾಗಿ ನೆನೆಯುವವರಿದ್ದಾರೆ. ಕಾಲೇಜಿನ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಅದು ನಗೆಯ ವಿಷಯವಾಗಿರಲಿಲ್ಲ.

ಲಗ್ನಪತ್ರಿಕೆ ಈ ಕೆಲಸಕ್ಕೆ ಒದಗಿದ್ದು ಆಕಸ್ಮಿಕವಲ್ಲ. ಮನೆತನದ ಹಿರಿಯನ ಹೆಸರಿನಲ್ಲಿ, ಸಮಸ್ತ ಬಂಧುವರ್ಗಕ್ಕೆ, ಮುದ್ರಿತ ರೂಪದಲ್ಲಿ ತಲಪುವ ಪತ್ರ ಹಳ್ಳಿಯಲ್ಲಿ ಅದೊಂದೇ. ಸಮಾವರ್ತನ ಮತ್ತು ವಿವಾಹಗಳನ್ನು ಒಂದಾಗಿ ಕಂಡ ಹಳೆಯ ಕ್ರಮವು ವೈದಿಕೇತರ ಸಮುದಾಯಗಳಲ್ಲಿಯೂ ಹೊಸ ವೇಷದಲ್ಲಿ ಕಾಣಿಸಿಕೊಂಡಿತೆಂದು ಹೇಳಬಹುದು. ಇದರ ಜೊತೆಗೆ ಪತ್ರಿಕೆಯ ಕಾಲಸೂಚಿಯನ್ನೂ ಗಮನಿಸಬೇಕು. 'ಸ್ವಸ್ತಿಶ್ರೀ ವಿಜಯಾಭ್ಯುದಯ ನೃಪ ಶಾಲಿವಾಹನ ಶಕ ವರುಷಂಗಳು' ಎಂದು ಆರಂಭಿಸಿ ಸಂವತ್ಸರ, ಮಾಸ, ಪಕ್ಷ, ತಿಥಿಗಳನ್ನು ಹೇಳುವ ಕ್ರಮವು ಶಾಸನಗಳಿಂದ ಬಂದದ್ದು. ಶಾಸನ ಹಾಕಿಸುವ ಪದ್ಧತಿ ನಿಂತು ಹೋದ ಮೇಲೂ ಈ ಸೂತ್ರ ಜನಸಾಮಾನ್ಯರ ಮದುವೆಯ ಕಾಗದದಲ್ಲಿ ಉಳಿದುಕೊಂಡಿತು. ಮೈಸೂರಿನ ಮೊದಲ ಘಟಿಕೋತ್ಸವದ ದಿನವನ್ನು ಇದೇ ಕ್ರಮದಲ್ಲಿ ಹೇಳುವುದಾದರೆ ಶಕ 1840ನೆಯ ಕಾಳಯುಕ್ತಿ ಸಂವತ್ಸರ ಎನ್ನಬೇಕು. ವಿಶ್ವವಿದ್ಯಾನಿಲಯವು ತನ್ನ ಉತ್ಸವವನ್ನು ಇಂಗ್ಲಿಷ್ ತಾರೀಖಿನಲ್ಲಿ ನಡೆಸಿತು. ರೈತನ ಮನೆಯು ಮಗನ ಪದವಿಯನ್ನು ಶಾಲಿವಾಹನ ಶಕದ ಕೆಳಗೆ ಅಚ್ಚು ಹಾಕಿಸಿತು.

ಆಕರವಾಗಿ ಈ ಪತ್ರಿಕೆಗಳ ಮೌಲ್ಯ ಕಡಿಮೆಯಲ್ಲ. ತಾರೀಖು ಹರಿದು ಹೋಗಿದ್ದರೂ ಕಾಲನಿರ್ಣಯಕ್ಕೆ ನೆರವಾಗುವ ಕುರುಹುಗಳು ಅವುಗಳಲ್ಲಿ ಇರುತ್ತವೆ. ಪದವಿಯ ಪಕ್ಕದಲ್ಲಿ ಮದ್ರಾಸ್ ಎಂಬ ಹೆಸರಿದ್ದು ಮನೆತನ ಮೈಸೂರು ಸೀಮೆಯದಾಗಿದ್ದರೆ ಅದು 1916ರ ಹಿಂದಿನ ವಿದ್ಯಾಭ್ಯಾಸವಾಗಿರುವ ಸಂಭವವಿದೆ. ಕೃಷ್ಣರಾಜನಗರದ ಬದಲು 'ಎಡತೊರೆ ತಾಲ್ಲೋಕು' ಎಂದಿದ್ದರೆ ಅದು ಹೊಸ ಪಟ್ಟಣದ ಹೆಸರು ರೂಢಿಗೆ ಬರುವ ಮೊದಲಿನ ಕಾಲವನ್ನು ಸೂಚಿಸೀತು. 'ಮೈಸೂರು ರಾಜ್ಯ' ಎಂದು ವಿಳಾಸದಲ್ಲಿದ್ದರೆ ಸಾಮಾನ್ಯವಾಗಿ 1973ರ ನವೆಂಬರ್ 1ಕ್ಕೆ ಹಿಂದಿನದು; ಅಂಚೆಯ ಪಿನ್ ಕೋಡ್ ಇದ್ದರೆ ಖಂಡಿತವಾಗಿ 1972ರ ಆಗಸ್ಟ್ 15ರ ಈಚಿನದು. ಸಂಬೋಧನೆಯಲ್ಲಿ ಬರುವ 'ಮ||ರಾ||ರಾ||ಶ್ರೀ', ಅಂದರೆ ಮಹಾರಾಜರಾಜಶ್ರೀ, ಎಂಬ ಸಂಕ್ಷಿಪ್ತ ಗೌರವಸೂಚಕವು ಸಂಸ್ಥಾನ ಕಾಲದ ಕಚೇರಿಯ ಬರೆಹದಿಂದ ಮನೆಯ ಬರೆಹಕ್ಕೆ ಇಳಿದು ಬಂದದ್ದು. ವಧುವಿನ ಹೆಸರಿನ ಮುಂದೆ ಪದವಿ ಇದೆಯೇ ಇಲ್ಲವೇ ಎಂಬುದು ಇವೆಲ್ಲಕ್ಕಿಂತ ಮುಖ್ಯವಾದ ಕುರುಹು. ಮೊದಲಿಗೆ ಇಂಥವರ ಸುಪುತ್ರಿ ಎಂಬುದಷ್ಟೇ ಅವಳ ಪರಿಚಯ. ಅವಳ ಹೆಸರಿನ ಪಕ್ಕದಲ್ಲಿ ಪದವಿ ಕಾಣಿಸಿಕೊಂಡದ್ದು, ವರನ ಪದವಿಗಿಂತ ಅವಳದು ಹೆಚ್ಚಿನದಾದಾಗಲೂ ಅದನ್ನು ಬಿಡದೆ ಮುದ್ರಿಸಿದ್ದು, ಇವು ಒಂದು ಊರಿನ ಸಾಮಾಜಿಕ ಚರಿತ್ರೆಯಲ್ಲಿ ದಾಖಲಾಗಬೇಕಾದ ಘಟನೆಗಳು. ಜನಗಣತಿಯ ಅಂಕಿಗಳಿಂದ ಎಷ್ಟು ಹೆಣ್ಣುಮಕ್ಕಳು ಓದಿದರೆಂಬುದು ತಿಳಿಯುತ್ತದೆ. ಅದನ್ನು ಹೇಳಿಕೊಳ್ಳಲು ಮನೆತನ ಯಾವಾಗ ಒಪ್ಪಿತು ಎಂಬುದನ್ನು ಲಗ್ನಪತ್ರಿಕೆಯೇ ತಿಳಿಸಬೇಕು.

ಮುದ್ರಿತ ಪತ್ರಿಕೆಯ ಪದಗಳಷ್ಟೇ ಶಿಷ್ಟಾಚಾರವಲ್ಲ. ಈ ಸೀಮೆಯಲ್ಲಿ ಕಾಗದ ಕಳುಹಿಸಿದ ಮಾತ್ರಕ್ಕೆ ಕರೆದಂತೆ ಆಗುವುದಿಲ್ಲ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಪತ್ರಿಕೆಯನ್ನು ಮೊದಲು ಮನೆದೇವರ ಮುಂದಿಟ್ಟು, ಅನಂತರ ಮನೆಯವರು ಖುದ್ದಾಗಿ ಹೋಗಿ, ಎಲೆ ಅಡಿಕೆಯೊಡನೆ ಕೊಟ್ಟು, ಬಾಯಿಮಾತಿನಲ್ಲಿ ಕರೆಯಬೇಕು. ಯಾರ ಮನೆಗೆ ಮೊದಲು ಹೋಗಬೇಕು, ಹಿರಿಯ ಅಳಿಯನನ್ನು ಯಾರು ಕರೆಯಬೇಕು ಎಂಬುದಕ್ಕೆ ಕ್ರಮವಿದೆ. ಕ್ರಮ ತಪ್ಪಿದರೆ ಮನಸ್ತಾಪ. ಹೋಗಲಾಗದವರಿಗಾಗಿ 'ಇದನ್ನೇ ಖುದ್ದು ಆಹ್ವಾನವೆಂದು ಭಾವಿಸಿ' ಎಂಬ ಸಾಲನ್ನು ಅಚ್ಚು ಹಾಕಿಸುತ್ತಾರೆ. ಆ ಸಾಲು ಇರುವುದೇ ಕಾಗದ ಸಾಲದೆಂಬುದಕ್ಕೆ ಸಾಕ್ಷಿ. 'ಆಶೀರ್ವಾದವೇ ಉಡುಗೊರೆ' ಎಂಬ ಮತ್ತೊಂದು ಸಾಲು ಮುಯ್ಯಿಯ ಪದ್ಧತಿಗೆ ಸಂಬಂಧಿಸಿದ್ದು. ಮದುವೆಯಲ್ಲಿ ಮುಯ್ಯಿ ಬರೆಸುವುದೆಂದರೆ ಹಿಂತಿರುಗಿಸಬೇಕಾದ ಋಣವೊಂದನ್ನು ಬರೆಸಿದಂತೆ. ಪದವಿ ಪಡೆದುದಕ್ಕೆ ಪ್ರತ್ಯೇಕ ಸಮಾರಂಭ ನಡೆಸಿ ಊರವರನ್ನು ಕರೆದರೆ ಅವರ ಮೇಲೆ ಇನ್ನೊಂದು ಮುಯ್ಯಿಯ ಹೊರೆ ಬೀಳುತ್ತದೆ. ಪದವಿಗೆಂದೇ ಕರೆಯೋಲೆ ಹುಟ್ಟದಿರಲು ಇದೂ ಒಂದು ಕಾರಣವಿರಬೇಕೆಂದು ತೋರುತ್ತದೆ. ದೂರದ ಹಿರಿಯರಿಗೆ ಮಾತ್ರ ಕಾಗದ ಬರೆಯುತ್ತಿದ್ದರು. 'ತೀರ್ಥರೂಪ ಸಮಾನರಾದ' ಎಂದು ಆರಂಭಿಸಿ, ಸಾಷ್ಟಾಂಗ ನಮಸ್ಕಾರ ತಿಳಿಸಿ, 'ತಮ್ಮ ಆಶೀರ್ವಾದಬಲದಿಂದ ತೇರ್ಗಡೆಯಾಗಿರುತ್ತೇನೆ' ಎಂದು ಬರೆಯುವುದು ವಾಡಿಕೆ. ಗೆದ್ದವನು ಗೆಲುವನ್ನು ಓದುವವರ ಖಾತೆಗೆ ಹಾಕುವ ಈ ವಾಕ್ಯರಚನೆ ವಿನಯ ಮಾತ್ರವಲ್ಲ. ಊರಿನಿಂದ ಅಕ್ಕಿ ರಾಗಿ ಕಳುಹಿಸಿದವರು, ಮೈಸೂರಿನಲ್ಲಿ ವಾರಾನ್ನ ಕೊಟ್ಟವರು, ಫೀಜು ಕಟ್ಟಿದವರು ನಿಜವಾಗಿಯೂ ಇದ್ದರು.

1918ರಲ್ಲಿಯೇ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯ ಸಮಿತಿಯು ನೇಮಕವಾಗಿ, ಮರುವರ್ಷ ವರದಿ ಸಲ್ಲಿಸಿದ್ದು ಸುವಿದಿತ. ಸರ್ಕಾರಿ ಸೇವೆಯಲ್ಲಿ ಬ್ರಾಹ್ಮಣೇತರ ಸಮುದಾಯಗಳ ಪ್ರಾತಿನಿಧ್ಯದ ಪ್ರಶ್ನೆ ಎದ್ದ ಮೇಲೆ ಒಕ್ಕಲಿಗ, ಲಿಂಗಾಯತ, ಅರಸು, ಕುರುಬ ಮೊದಲಾದ ಸಮುದಾಯಗಳ ಪದವೀಧರನು ಮನೆತನಕ್ಕೆ ಸೇರಿದಷ್ಟೇ ಜನಾಂಗದ ಸಂಘಕ್ಕೂ ಸೇರಿದವನಾದನು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ 1915ರ ಆಗಸ್ಟ್ 20ರಂದು ಜನಿಸಿದ ಡಿ. ದೇವರಾಜ ಅರಸು ಅವರು ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್‌ಸಿ. ಪದವಿ ಪಡೆದು ಹಳ್ಳಿಯ ಬೇಸಾಯಕ್ಕೆ ಮರಳಿದವರು. ಅವರು ಮುಖ್ಯಮಂತ್ರಿಯಾಗಿದ್ದಾಗ 1972ರಲ್ಲಿ ರಚನೆಯಾದ ಹಾವನೂರ್ ಆಯೋಗವು 1975ರಲ್ಲಿ ವರದಿ ನೀಡಿತು. ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳು ವಿಸ್ತರಿಸಿದಂತೆ ಈ ತಾಲ್ಲೂಕುಗಳಲ್ಲಿ ಮೊದಲ ತಲೆಮಾರಿನ ಪದವೀಧರರು ಹೆಚ್ಚಿದರು. ಸಂಘಗಳು ಏರ್ಪಡಿಸುವ 'ಪ್ರತಿಭಾ ಪುರಸ್ಕಾರ'ದ ಆಹ್ವಾನಪತ್ರಿಕೆಯು ಬಳಕೆಗೆ ಬಂದದ್ದು ಈ ಹಿನ್ನೆಲೆಯಲ್ಲಿಯೇ. ಇದರಲ್ಲಿ ದಿವ್ಯ ಸಾನ್ನಿಧ್ಯ, ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿಗಳು ಎಂಬ ಶೀರ್ಷಿಕೆಗಳ ಅಡಿಯಲ್ಲಿ ಹೆಸರುಗಳು ಪುಟ ತುಂಬುತ್ತವೆ. ಪುರಸ್ಕೃತರ ಹೆಸರುಗಳು ಇದ್ದರೆ ಕೊನೆಯ ಪುಟದಲ್ಲಿ. ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲಿ ಕಂಡ ಮೌನವೇ ಇಲ್ಲಿಯೂ ಬೇರೆ ರೀತಿಯಲ್ಲಿ ಮುಂದುವರಿದಿದೆ ಎಂದು ಹೇಳದೆ ಗತ್ಯಂತರವಿಲ್ಲ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ತಾಲ್ಲೂಕು ಕೇಂದ್ರಗಳಿಗೆ ಬಂದ ಮೇಲೆ ಬೀಳ್ಕೊಡುಗೆ, ಕಾಲೇಜು ವಾರ್ಷಿಕೋತ್ಸವ, ಈಚೆಗೆ ಪದವಿ ದಿನಾಚರಣೆಗಳ ಪತ್ರಿಕೆಗಳೂ ಸೇರಿಕೊಂಡವು. ಕಾಲೇಜು ಅಭಿವೃದ್ಧಿ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರಾದುದರಿಂದ ಅವರ ಹೆಸರಿನ ಸ್ಥಾನ, ಅಕ್ಷರದ ಗಾತ್ರ, ಇತರ ಜನಪ್ರತಿನಿಧಿಗಳ ಅನುಕ್ರಮ ಇವೆಲ್ಲ ಸರ್ಕಾರದ ಶಿಷ್ಟಾಚಾರ ನಿಯಮಗಳಿಗೆ ಒಳಪಟ್ಟವು. ಈ ವಿಷಯವನ್ನು ಇಲ್ಲಿ ಬೆಳೆಸಬೇಕಾಗಿಲ್ಲ.

ಇದೇ ಪ್ರದೇಶದಲ್ಲಿ ತೀರ ಬೇರೆಯಾದ ಒಂದು ಪದವಿ ಪರಂಪರೆ ನೆಲಸಿದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದಲೂ, ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ 1970ರ ದಶಕದಿಂದಲೂ ಟಿಬೆಟನ್ ನಿರಾಶ್ರಿತರ ವಸಾಹತುಗಳಿವೆ. ಬೈಲುಕುಪ್ಪೆಯಲ್ಲಿ ಸೆರಾ ಮಹಾವಿಹಾರ, ಹುಣಸೂರಿನಲ್ಲಿ 15ನೆಯ ಶತಮಾನದ ಪರಂಪರೆಯುಳ್ಳ ಗ್ಯುಮೆ ತಾಂತ್ರಿಕ ವಿಹಾರ. ದೀರ್ಘಕಾಲದ ಅಧ್ಯಯನ ಹಾಗೂ ತರ್ಕಸಭೆಗಳ ಅನಂತರ ಲಭಿಸುವ 'ಗೆಶೆ' ಪದವಿಯ ಮೂಲಾರ್ಥ ಸಂಸ್ಕೃತದ 'ಕಲ್ಯಾಣಮಿತ್ರ' ಎಂಬುದು. ಪದವಿ ಪಡೆದ ಭಿಕ್ಷುವು ಸಂಘಕ್ಕೆ ಚಹಾ, ಆಹಾರಗಳನ್ನು ಸಮರ್ಪಿಸುವ ಸಂಪ್ರದಾಯವಿದೆ. ಪದವೀಧರನೇ ಆತಿಥೇಯ, ಸಂಸ್ಥೆಯೇ ಅತಿಥಿ. ಘಟಿಕೋತ್ಸವದ ಕ್ರಮಕ್ಕೆ ಇದು ನೇರ ವಿಲೋಮ. ಭಿಕ್ಷುಣಿಯರಿಗೆ ಈ ಪದವಿ ದೊರೆತದ್ದು ಬಹಳ ತಡವಾಗಿ. 2016ರ ಡಿಸೆಂಬರಿನಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿ 20 ಮಂದಿಗೆ ಮೊದಲ ಬಾರಿಗೆ 'ಗೆಶೆಮಾ' ಪದವಿ ಪ್ರದಾನವಾಯಿತು.

ಹೆಗ್ಗಡದೇವನಕೋಟೆ ಹಾಗೂ ಹುಣಸೂರು ತಾಲ್ಲೂಕುಗಳ ಕಾಡಂಚಿನ ಹಾಡಿಗಳ ವಿಚಾರವನ್ನು ಪ್ರತ್ಯೇಕವಾಗಿಯೇ ನೋಡಬೇಕು. ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ ಸಮುದಾಯಗಳಲ್ಲಿ ಕರೆ ಎಂದರೆ ಯಜಮಾನನ ಮಾತು, ಕಾಗದವಲ್ಲ. ಆಶ್ರಮ ಶಾಲೆಗಳಿಂದ ಓದಿ ಮೇಲೆ ಬಂದ ಯುವಕ ಯುವತಿಯರು ಪದವಿ ಪಡೆದಾಗ ಅದನ್ನು ಪ್ರಕಟಿಸಿದ್ದು ಬಹುತೇಕ ಪತ್ರಿಕಾ ವರದಿಗಳು, ಸ್ವಯಂಸೇವಾ ಸಂಸ್ಥೆಗಳು ಮತ್ತು ಇಲಾಖೆಗಳು. 'ಹಾಡಿಯ ಮೊದಲ ಪದವೀಧರ' ಎಂಬ ತಲೆಬರೆಹದಲ್ಲಿ ಸಮುದಾಯದ ಹೆಸರು ಮೊದಲು ಬಂದು ವ್ಯಕ್ತಿಯ ಹೆಸರು ಅನಂತರ ಬರುತ್ತದೆ. ಅಭಿಮಾನದಿಂದ ಬರೆದದ್ದೇ ಆದರೂ, ಹೇಳುವವರು ಹೊರಗಿನವರು. ರೈತನ ಮನೆಗೆ ಲಗ್ನಪತ್ರಿಕೆಯಲ್ಲಿ ದೊರೆತ ಅವಕಾಶ, ಅಂದರೆ ತನ್ನ ಮಗಳ ಪದವಿಯನ್ನು ತನ್ನ ಹೆಸರಿನಲ್ಲಿ ತಾನೇ ಸಾರುವ ಅವಕಾಶ, ಹಾಡಿಗೆ ಇತ್ತೀಚಿನವರೆಗೆ ದೊರೆತಿರಲಿಲ್ಲ. ಈ ವ್ಯತ್ಯಾಸವನ್ನು ಶೈಕ್ಷಣಿಕ ಪ್ರಗತಿಯ ಅಂಕಿಅಂಶಗಳು ಗುರುತಿಸುವುದಿಲ್ಲ.

2020ರ ಅಕ್ಟೋಬರ್ 19ರಂದು, ಮೊದಲ ಘಟಿಕೋತ್ಸವ ನಡೆದ ದಿನದಂದೇ, ಮೈಸೂರು ವಿಶ್ವವಿದ್ಯಾನಿಲಯದ 100ನೆಯ ಘಟಿಕೋತ್ಸವ ಜರುಗಿತು. ಕೋವಿಡ್ ನಿಮಿತ್ತ ಪ್ರಧಾನಮಂತ್ರಿಗಳು ಅಂತರಜಾಲದ ಮೂಲಕ ಭಾಷಣ ಮಾಡಿದರು. ಈಗ ಅಭಿನಂದನೆಗಳು ಊರ ಮುಂದಿನ ಬ್ಯಾನರುಗಳಲ್ಲಿಯೂ ಮೊಬೈಲುಗಳಲ್ಲಿಯೂ ಕಾಣಿಸುತ್ತವೆ. ವಾರ ಕಳೆಯುವುದರೊಳಗೆ ಅಳಿದು ಹೋಗುತ್ತವೆ. ಕಾಗದದ ಪತ್ರಿಕೆಗಳ ಗತಿಯೂ ಉತ್ತಮವಾಗಿಲ್ಲ. ಗ್ರಂಥಾಲಯಗಳು ಅವನ್ನು ಸಂಗ್ರಹಿಸುವುದಿಲ್ಲ, ಮನೆಗಳಲ್ಲಿ ಮದುವೆ ಮುಗಿದ ಮೇಲೆ ಉಳಿಸುವುದಿಲ್ಲ. ತಾಲ್ಲೂಕು ಕೇಂದ್ರಗಳ ಹಳೆಯ ಅಚ್ಚುಕೂಟಗಳು ಮಾದರಿಗಾಗಿ ಇಟ್ಟುಕೊಳ್ಳುತ್ತಿದ್ದ ಪ್ರತಿಗಳ ಕಟ್ಟುಗಳು ಮೊಳೆಯಚ್ಚಿನ ಕಾಲ ಮುಗಿದೊಡನೆ ರದ್ದಿಗೆ ಸೇರುತ್ತಿವೆ. ಅವುಗಳಲ್ಲಿ ಮದುವೆಯ ಪತ್ರಿಕೆಗಳ ಜೊತೆಗೆ ಉತ್ತರಕ್ರಿಯೆ, ಶಿವಗಣಾರಾಧನೆ, ವೈಕುಂಠ ಸಮಾರಾಧನೆಗಳ ಪತ್ರಿಕೆಗಳೂ ಇರುತ್ತವೆ. ಅಕ್ಷರ ಬಾರದ ತಾಯಿಯೊಬ್ಬಳು ಶಿವೈಕ್ಯಳಾದ ಸಂಗತಿಯನ್ನು ತಿಳಿಸುವ ಕಪ್ಪಂಚಿನ ಕಾಗದದಲ್ಲಿ, 'ದುಃಖತಪ್ತರು' ಎಂಬುದರ ಕೆಳಗೆ, ಅವಳ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳ ಹೆಸರುಗಳು ಸಾಲಾಗಿ, ಪ್ರತಿಯೊಂದರ ಮುಂದೆ ಅವರವರ ಪದವಿ ಮತ್ತು ಒಂದು ಅಲ್ಪವಿರಾಮದೊಡನೆ ಅಚ್ಚಾಗಿರುತ್ತವೆ.